ಬೀಳು ಹೊಲದ ಸೂರ್ಯಕಾಂತಿ

ಮಾರ್ಚ್ ಹನ್ನೊಂದು. ಅತ್ತಿಗೆಯ ಹೊಲದಲ್ಲಿ ಸೂರ್ಯಕಾಂತಿ ಗಿಡಗಳು ಆರುನೂರ ಹನ್ನೆರಡು. ಇರಬೇಕಾದದ್ದು ಸೊನ್ನೆ.

ಮಣ್ಣಿಗೆ ವಿಶ್ರಾಂತಿ ಕೊಡಿಸುವ ಸರ್ಕಾರಿ ಯೋಜನೆಯೊಂದಿದೆ. ಮೂರು ವರ್ಷ ಏನನ್ನೂ ಬಿತ್ತದೆ ಹೊಲವನ್ನು ಬೀಳು ಬಿಟ್ಟರೆ ವರ್ಷಕ್ಕೆ ಹದಿನೆಂಟು ಸಾವಿರ ಸಹಾಯಧನ. ಬಿತ್ತಿದ್ದು ಕಂಡುಬಂದರೆ ಪಡೆದದ್ದನ್ನೆಲ್ಲ ಹಿಂದಿರುಗಿಸಬೇಕು. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯ ಅರ್ಜಿ ತುಂಬಿದವನು ನಾನು. ಮೊದಲ ವರ್ಷದ ಹಣ ಬಂತು. ಮನೆಯ ಮಾಡಿಗೆ ಹೊಸ ತಗಡು ಹೊದಿಸಿದೆವು. ಎರಡನೆಯ ವರ್ಷದ ಹಣಕ್ಕೆ ಮುನ್ನ ಪರಿಶೀಲನೆ. ಅದು ಆ ದಿನ.

ಮಂಜು ಹೊಲದ ಅಂಚುಗಳನ್ನು ಅಳಿಸಿಹಾಕಿತ್ತು. ಹಳದಿ ತಲೆಗಳು ಮಾತ್ರ ಕಾಂಡವಿಲ್ಲದೆ ತೇಲುತ್ತಿದ್ದವು. ಅವುಗಳ ನಡುವೆ ಕೃಷಿ ಇಲಾಖೆಯಿಂದ ಬಂದ ಹುಡುಗಿ ಒಮ್ಮೆ ಕಾಣುತ್ತಿದ್ದಳು, ಒಮ್ಮೆ ಬರಿಯ ದನಿಯಾಗುತ್ತಿದ್ದಳು.

“ಅಜ್ಜೀ, ಇದೇನಿದು?”

“ಹೂವು,” ಎಂದರು ಅತ್ತಿಗೆ.

“ಅದು ನಂಗೂ ಕಾಣ್ತಿದೆ. ಯಾರು ಬಿತ್ತಿದ್ದು?”

“ಗಾಳಿ,” ಎಂದೆ ನಾನು, ಅತ್ತಿಗೆ ಬಾಯಿ ತೆರೆಯುವ ಮುನ್ನ.

ಮಂಜಿನೊಳಗೆ ನಗು ಕೇಳಿಸಿತು. “ಸಾರ್, ನೀವು ಲೆಕ್ಕದ ಮೇಷ್ಟ್ರಾಗಿದ್ದೋರಂತೆ. ಗಾಳಿ ಇಷ್ಟು ನೇರವಾಗಿ ಸಾಲು ಹಿಡಿದು ಬಿತ್ತುತ್ತಾ? ಅದಕ್ಕೆ ಎಲ್ಲಿ ಟ್ರೇನಿಂಗ್ ಆಯ್ತು?”

“ಮೇಷ್ಟ್ರೇ, ಸುಳ್ಳು ನಿಮ್ಮ ಬಾಯಿಗೆ ಒಗ್ಗಲ್ಲ, ಬಿಡಿ,” ಎಂದರು ಅತ್ತಿಗೆ. “ಬಿತ್ತಿದ್ದು ನಾನೇ ಇರ್ಬೇಕು ತಾಯಿ. ಕನಸಲ್ಲಿ ಅಂದ್ಕೊಂಡಿದ್ದೆ. ಕೈ ಕಟ್ಟಿ ಕೂರೋಕೆ ಸರ್ಕಾರ ದುಡ್ಡು ಕೊಡ್ತು, ಸರಿ. ಕೈ ಕೇಳ್ಬೇಕಲ್ಲ?”

ಆ ಕನಸನ್ನು ಅವರು ಡಿಸೆಂಬರಿನಲ್ಲೇ ನನಗೆ ಹೇಳಿದ್ದರು. ಅಣ್ಣ ಮುಂದೆ ಸಾಲು ಹೊಡೆಯುತ್ತಾರೆ. ಹಿಂದೆ ಅತ್ತಿಗೆ ಮಡಿಲಿನಿಂದ ಬೀಜ ಉದುರಿಸುತ್ತಾರೆ, ನಲವತ್ತು ವರ್ಷ ನಡೆದಂತೆಯೇ. ಅಣ್ಣ ತಿರುಗಿ ನೋಡುವುದಿಲ್ಲ. ಹೊಲ ಮುಗಿಯುವುದೂ ಇಲ್ಲ. ಎಚ್ಚರವಾದಾಗ ಅಂಗಾಲಿಗೆ ಮಣ್ಣು ಮೆತ್ತಿತ್ತಂತೆ. ಆಮೇಲೆ ಹೊಲದಲ್ಲಿ ನಿಜವಾಗಿಯೂ ಮೊಳಕೆ ಕಂಡಾಗಲೇ ಕಿತ್ತುಬಿಡಿ ಎಂದೆ. ‘ನಾಳೆ’ ಎಂದರು. ನಾಳೆಗಳು ಎದೆಮಟ್ಟ ಬೆಳೆದವು.

“ನನ್ನ ಫಾರಂನಲ್ಲಿ ಕನಸಿಗೆ ಕಾಲಂ ಇಲ್ಲ ಅಜ್ಜೀ,” ಎಂದಳು ಹುಡುಗಿ. ಈ ಬಾರಿ ನಗಲಿಲ್ಲ. “ಒಂದು ಕೆಲ್ಸ ಮಾಡಿ. ಪಕ್ಕದೂರು ನೋಡ್ಕೊಂಡು ಮಧ್ಯಾಹ್ನ ಬರ್ತೀನಿ. ಅಷ್ಟರಲ್ಲಿ ಕೊಯ್ದು ಹಾಕಿದ್ರೆ, ಕಳೆ ಇತ್ತು, ತೆಗೆದಿದ್ದಾರೆ ಅಂತ ಬರೀತೀನಿ. ಇಲ್ಲಾಂದ್ರೆ ಹೋದ ವರ್ಷದ್ದೂ ವಾಪಸ್ ಕಟ್ಬೇಕಾಗತ್ತೆ.”

ಲೆಕ್ಕ ಸರಳ. ಕೊಯ್ದರೆ ಹದಿನೆಂಟು ಸಾವಿರ ಬರುತ್ತದೆ. ಬಿಟ್ಟರೆ ಹದಿನೆಂಟು ಸಾವಿರ ಹೋಗುತ್ತದೆ. ಬೀಜ ಮಾರಿದರೆ ಎರಡು ಸಾವಿರವೂ ಹುಟ್ಟದು. ಕುಡುಗೋಲು ತಂದು ಮೊದಲ ಸಾಲಿಗೆ ಬಗ್ಗಿದೆ.

ಮಂಜು ತೆಳುವಾಗುತ್ತಿತ್ತು. ಹೂಗಳೆಲ್ಲ ಒಂದೇ ಕಡೆ ಮುಖ ಮಾಡಿ, ಯಾರೋ ಬರುವುದಾಗಿ ಹೇಳಿಹೋದಂತೆ ನಿಂತಿದ್ದವು. ಅತ್ತಲೇ ನಾನೂ ನೋಡಿದೆ. ಸಾಲಿನ ಕೊನೆ ಕಾಣಲಿಲ್ಲ.

“ಮೇಷ್ಟ್ರೇ,” ಎಂದರು ಅತ್ತಿಗೆ. “ನಿಮ್ಮಣ್ಣ ಹೋದ್ಮೇಲೆ ಈ ಕೈ ಕೆಲ್ಸ ಅಂತ ಮಾಡಿದ್ದು ಇದೊಂದೇ. ಅದೂ ನಂಗೆ ಹೇಳ್ದೆ ಕೇಳ್ದೆ. ಅದನ್ನೂ ಕೊಯ್ದು ಹಾಕ್ಲಾ?”

“ಮೂವತ್ತಾರು ಸಾವಿರದ ವ್ಯತ್ಯಾಸ, ಅತ್ತಿಗೆ.”

“ಗೊತ್ತು. ನಂಗೂ ಕೂಡೋಕೆ ಬರತ್ತೆ.”

“ಎಲ್ಲಿಂದ ಕಟ್ತೀರಿ?”

“ಕೈ ಎದ್ದಿದೆಯಲ್ಲ. ಮುಂದಿನ ಸಲ ಎಚ್ಚರ ಇದ್ದೇ ಬಿತ್ತುತ್ತೀನಿ.”

ಬಗ್ಗಿದ ಬೆನ್ನನ್ನು ನೇರ ಮಾಡಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಮಧ್ಯಾಹ್ನ ಬಂದ ಹುಡುಗಿ ನಿಂತ ಹೂಗಳನ್ನು ಬಹಳ ಹೊತ್ತು ನೋಡಿದಳು. ‘ಬಿತ್ತಲಾಗಿದೆ’ ಎಂದು ಬರೆದಳು. ಆರು ಕಂತುಗಳಲ್ಲಿ ಕಟ್ಟಲು ಅವಕಾಶ ಕೊಡಿಸಿದಳು. ಮೊದಲ ಕಂತಿಗೆ ಬೀಜದ ಹಣ ಸಾಲಲಿಲ್ಲ. ಕೊರತೆಯನ್ನು ನನ್ನ ಪಿಂಚಣಿಯಿಂದ ತುಂಬಿದೆ. ಅದು ಸಾಲವೇ ಹೊರತು ಸಹಾಯವಲ್ಲ ಎಂದು ಅತ್ತಿಗೆ ಖಡಾಖಂಡಿತವಾಗಿ ಹೇಳಿದ್ದಾರೆ. ಇಲಾಖೆಗೆ ಇನ್ನೂ ಹದಿನೈದು ಸಾವಿರ ಬಾಕಿ.