ನ್ಯಾಯದ ಏಟು

ಸೋಯಾ ಮೊಳಕೆಯ ಬಾಲ ಚಿವುಟಲು ಕೂತರೆ ನನಗೆ ಬೇರೆ ಯೋಚನೆಯೇ ಬರುವುದಿಲ್ಲ. ಹಾಸಿದ ಹಳೆಯ ಪತ್ರಿಕೆಯ ಮೇಲೆ ಒಂದು ಕಡೆ ಕಸ, ಇನ್ನೊಂದು ಕಡೆ ಬಿಳಿ ದಂಟು. ಅಂದು ಬೆಳಿಗ್ಗೆ ಅತ್ತೆ ಸೋಫಾದ ಮೇಲೆ ಕೂರದೆ, ಎಂದಿನಂತೆ ಸೋಫಾಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು ತಮ್ಮ ಧಾರಾವಾಹಿ ನೋಡುತ್ತಿದ್ದರು. ಅದರೊಳಗಿನ ಅತ್ತೆ ಸೊಸೆಯ ಕೆನ್ನೆಗೆ ಫಟಾರನೆ ಬಾರಿಸಿದಳು.

"ಇನ್ನೊಂದು ಕೊಡೇ ಅವಳಿಗೆ," ಎಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, "ನಿನಗಲ್ಲಮ್ಮ ಹೇಳಿದ್ದು. ನೀನ್ಯಾಕೆ ಕೈ ನಿಲ್ಲಿಸಿದೆ?"

ಫೋನ್ ಬಂದಿತ್ತು, ಅದಕ್ಕೆ ನಿಲ್ಲಿಸಿದ್ದೆ. ನನ್ನ ಮಗ ಯೂಚಾನನ ಕ್ಲಾಸ್ ಟೀಚರ್.

"ಯೂಚಾನ್ ಅಮ್ಮ, ಈಗಲೇ ಶಾಲೆಗೆ ಬರೋಕಾಗುತ್ತಾ?"

"ಯಾಕೆ ಮೇಡಂ, ಹುಷಾರಿಲ್ವಾ ಅವನಿಗೆ?"

"ಅವನು ಚೆನ್ನಾಗೇ ಇದಾನೆ."

ಹಾಗಾದರೆ ಚೆನ್ನಾಗಿಲ್ಲದವರು ಯಾರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅರ್ಧ ಚಿವುಟಿದ ಮೊಳಕೆಯನ್ನು ಹಾಗೇ ಬಿಟ್ಟು ಹೊರಟೆ.

ನನ್ನ ಮಗನಿಗೆ ಹದಿನೈದು. ಉಂಡ ಬಟ್ಟಲನ್ನು ತಾನೇ ತೊಳೆಯಲು ಹಾಕುವವನು, ಅಜ್ಜಿಯ ಮೊಣಕಾಲಿಗೆ ನೋವಿನ ಪಟ್ಟಿ ಅಂಟಿಸುವವನು. ಇದನ್ನೆಲ್ಲ ದಾರಿಯುದ್ದಕ್ಕೂ ಯಾರಿಗೋ ಒಪ್ಪಿಸುವವಳ ಹಾಗೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ನಡೆದೆ.

ಟೀಚರ್ ತಮ್ಮ ಫೋನನ್ನು ಮೇಜಿನ ಮೇಲೆ ನನ್ನ ಕಡೆ ತಿರುಗಿಸಿಟ್ಟರು. ಹುಡುಗರ ಗುಂಪಿನಲ್ಲಿ ಹರಿದಾಡುತ್ತಿದ್ದ ವಿಡಿಯೋ. ಯಾವುದೋ ಅಪಾರ್ಟ್‌ಮೆಂಟಿನ ನೆಲಮಾಳಿಗೆ, ನಿಲ್ಲಿಸಿದ ಕಾರುಗಳು. ಯೂಚಾನ್ ಕ್ಯಾಮೆರಾಕ್ಕೆ ಕೈಬೀಸಿ, "ಎಲ್ಲರಿಗೂ ಸ್ವಾಗತ, ಇವತ್ತು ಶಿಕ್ಷೆಯ ಹೊತ್ತು!" ಎಂದು ನಗುತ್ತಿದ್ದ. ಫೋನ್ ಹಿಡಿದವರೂ ನಗುತ್ತಿದ್ದರು. ಅವನ ಮುಂದೆ ಅದೇ ಕ್ಲಾಸಿನ ಹಾಂಗ್ಯೊಲ್ ಎಂಬ ಸಣಕಲು ಹುಡುಗ ಮಂಡಿಯೂರಿ, ಎರಡೂ ಕೈ ಮೇಲೆತ್ತಿ ಕೂತಿದ್ದ. ಯೂಚಾನನ ಕೈಯಲ್ಲಿ ಮಡಿಚಿದ ಛತ್ರಿ.

"ಎಷ್ಟು ಏಟು ತಿಂತೀಯ? ನೀನೇ ಹೇಳು."

"ಐದು."

"ಐದಾ? ಮನಸ್ಸಾಕ್ಷಿ ಮುಟ್ಟಿ ನೋಡ್ಕೊಂಡು ಹೇಳು."

"ಎ... ಎಂಟು."

"ಸರಿ. ನೀನೇ ಎಣಿಸು. ತಪ್ಪಿದರೆ ಮೊದಲಿಂದ."

ಅವನು ಈಗ ನಗುತ್ತಿರಲಿಲ್ಲ. ಧ್ವನಿ ತಗ್ಗಿತ್ತು, ತಾಳ್ಮೆಯಿಂದ ತುಂಬಿತ್ತು. ಎಂಟು ಮುಗಿಯುವಷ್ಟರಲ್ಲಿ ಹಾಂಗ್ಯೊಲನ ಎತ್ತಿದ ಕೈಯ ಮಣಿಕಟ್ಟು ಮುರಿದಿತ್ತು.

"ಇಂಟರ್ನೆಟ್ಟಲ್ಲಿ ಒಬ್ಬ ಇದಾನೆ, ಶಿಕ್ಷೆಯ ಆಟ ಅಂತ ಲೈವ್ ಮಾಡ್ತಾನೆ," ಎಂದರು ಟೀಚರ್. "ಹುಡುಗರೆಲ್ಲ ಅವನ ಥರಾನೇ ಮಾತಾಡ್ತಾರೆ. ಅಲ್ಲಿಂದ ಕಲಿತದ್ದು ಅನ್ಸುತ್ತೆ."

"ಹೌದು ಮೇಡಂ," ಎಂದೆ.

ಕೈಬೀಸಿದ್ದು, ಸ್ವಾಗತ ಕೋರಿದ್ದು ಅಲ್ಲಿಂದ ಬಂದದ್ದೇ. ಅದರ ನಂತರದ ಒಂದೊಂದು ಮಾತೂ ನನ್ನ ಗಂಡನದು.

ಯೂಚಾನನ ಅಪ್ಪ ಟೈಲ್ಸ್ ಗೋದಾಮಿನ ಮೇಸ್ತ್ರಿ. ಕುಡಿಯುವವರಲ್ಲ, ಕೂಗಾಡುವವರಲ್ಲ. ಸಿಟ್ಟು ಬಂದಾಗ ಹೊಡೆಯುವವನು ಪಶು ಎನ್ನುತ್ತಾರೆ. ಅದಕ್ಕೇ ಸಿಟ್ಟು ಇಳಿಯುವವರೆಗೆ ಕಾಯುತ್ತಾರೆ. ಆಮೇಲೆ ಬಾಗಿಲ ಬಳಿ ತೂಗುಹಾಕಿದ, ಬೂಟು ಏರಿಸಿಕೊಳ್ಳುವ ಮರದ ಉದ್ದ ಪಟ್ಟಿ ತೆಗೆದುಕೊಂಡು ಮಗನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಎಷ್ಟು ಎಂದು ಮಗನೇ ಹೇಳಬೇಕು, ಒಂದೊಂದನ್ನೂ ಅವನೇ ಎಣಿಸಬೇಕು. ಕಡಿಮೆ ಹೇಳಿದರೆ ಪಶ್ಚಾತ್ತಾಪವಿಲ್ಲ ಎಂದರ್ಥ. ಅವರ ಅಪ್ಪ ಹಾಗೆ ಹೊಡೆದಿದ್ದರು, ಮೇಷ್ಟ್ರು ಹೊಡೆದಿದ್ದರು, ಸೈನ್ಯದಲ್ಲಿ ಹಿರಿಯರು ಹೊಡೆದಿದ್ದರು. ಎಲ್ಲರೂ ಎಷ್ಟು ಎಂದು ಕೇಳಿಯೇ ಹೊಡೆದಿದ್ದರು. ಅವರ ಲೆಕ್ಕದಲ್ಲಿ ಅದು ನ್ಯಾಯದ ಏಟು. ಮುಗಿದ ಮೇಲೆ ಮಗನಿಗೆ ಮುಲಾಮು ಹಚ್ಚುವವರೂ ಅವರೇ.

ಅಂದು ಸಂಜೆ ಅವರು ವಿಡಿಯೋವನ್ನು ಕೊನೆಯವರೆಗೆ ನೋಡಿದರು. ಮುಖದಲ್ಲಿ ಗುರುತು ಹತ್ತಿದ ಕಳೆಯೇ ಇಲ್ಲ.

"ಎಲ್ಲಿಂದ ಕಲಿತೆಯೋ ಈ ಹೇಸಿಗೆನ?"

ಯೂಚಾನ್ ಅಪ್ಪನನ್ನು ನೋಡಿದ, ನನ್ನನ್ನು ನೋಡಿದ, ತಲೆ ತಗ್ಗಿಸಿದ.

"ಆ ದರಿದ್ರ ಫೋನಿಂದ ಕಣೋ, ಇನ್ನೆಲ್ಲಿಂದ!" ಎಂದರು ಅತ್ತೆ. "ಇಡೀ ಕೊರಿಯಾದ ಮಕ್ಕಳ ತಲೆ ಕೆಡಿಸಿದ್ದು ಅದೇ. ನಮ್ಮ ಕಾಲದಲ್ಲಿ ಇತ್ತಾ ಇದೆಲ್ಲ?" ಟಿವಿ ಓಡುತ್ತಲೇ ಇತ್ತು.

ನನ್ನ ಗಂಡ ಮಗನ ಫೋನನ್ನು ಸುತ್ತಿಗೆಯಿಂದ ಜಜ್ಜಿದರು. ಮಗನನ್ನು ಮುಟ್ಟಲಿಲ್ಲ. "ವಿಚಾರಣೆಗೆ ಕರೆದಾಗ ಶಾಲೆಯ ಸಮಿತಿಯವರು ಮೈ ನೋಡಬಹುದು," ಎಂದು ನನಗೊಬ್ಬಳಿಗೆ ಕೇಳಿಸುವಂತೆ ಹೇಳಿದರು.

ಮಲಗುವ ಮೊದಲು ಯೂಚಾನ್ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. "ಅಮ್ಮ, ಒಂದು ಕೇಳ್ಲಾ?"

"ಕೇಳೋ."

"ಏನಿಲ್ಲ ಬಿಡು."

ಶನಿವಾರ ಕ್ಷಮೆ ಕೇಳಲು ಹೋದೆವು. ಪೇರು ಹಣ್ಣಿನ ಪೆಟ್ಟಿಗೆಯನ್ನು ರೇಷ್ಮೆ ಬಟ್ಟೆಯಲ್ಲಿ ಕಟ್ಟಿ ನಾನೇ ಗಂಟು ಹಾಕಿದ್ದೆ. ಹಾಂಗ್ಯೊಲನ ಅಮ್ಮ ಬಾಗಿಲು ತೆಗೆದರು, ಒಳಗೆ ಕರೆಯಲಿಲ್ಲ. ಬ್ಯೂಟಿ ಪಾರ್ಲರಿನ ಅಂಗಿಯಲ್ಲೇ ಇದ್ದರು, ಕೆಲಸಕ್ಕೆ ಹೊರಟಿದ್ದರೇನೋ.

"ಮಗನ್ನ ಸರಿಯಾಗಿ ಬೆಳೆಸದೆ ಇದ್ದದ್ದು ನನ್ನ ತಪ್ಪು," ಎಂದು ನನ್ನ ಗಂಡ ಸೊಂಟ ಬಗ್ಗಿಸಿದರು. ಮಗನ ಕಡೆ ತಿರುಗಿ, "ಮಂಡಿಯೂರು," ಎಂದರು.

ಯೂಚಾನ್ ಚಪ್ಪಲಿ ಬಿಡುವ ಜಾಗದಲ್ಲೇ ಮಂಡಿಯೂರಿದ. ಊರಿದ್ದೇ ತಡ, ಯಾರೂ ಹೇಳದೆ, ಅವನ ಎರಡೂ ಕೈ ತಾವಾಗಿಯೇ ತಲೆಯ ಮೇಲಕ್ಕೆ ಹೋದವು.

ಹಾಂಗ್ಯೊಲನ ಅಮ್ಮ ಆ ಕೈಗಳನ್ನು ನೋಡಿದರು. ಆಮೇಲೆ ನನ್ನ ಗಂಡನನ್ನು, ಆಮೇಲೆ ನನ್ನನ್ನು. ನನ್ನ ಮೇಲೆ ಅವರ ಕಣ್ಣು ಬಹಳ ಹೊತ್ತು ನಿಂತಿತು.

"ಕೈ ಇಳಿಸೋ," ಎಂದರು, ಒರಟಾಗಿ. "ಇಳಿಸು ಅಂದೆನಲ್ಲ. ಇದನ್ನ ನೋಡೋಕೆ ನನ್ನ ಕೈಲಾಗಲ್ಲ." ಹಣ್ಣಿನ ಪೆಟ್ಟಿಗೆಯನ್ನು ಕಾಲಿನಿಂದ ಹೊರಗೆ ತಳ್ಳಿ ಬಾಗಿಲು ಹಾಕಿಕೊಂಡರು.

"ಏನು ಸೊಕ್ಕು!" ಎಂದರು ನನ್ನ ಗಂಡ, ಲಿಫ್ಟಿನಲ್ಲಿ.

ವಿಚಾರಣೆಯ ಹಿಂದಿನ ದಿನ ಟೀಚರ್ ಮತ್ತೆ ಫೋನ್ ಮಾಡಿದ್ದರು. ಯೂಚಾನನನ್ನು ಬೇರೆ ಶಾಲೆಗೆ ಹಾಕುವುದು ಬಹುತೇಕ ಖಚಿತವಂತೆ. ಮನೆಯಲ್ಲಿ ಏನಾದರೂ ಕಾರಣವಿದ್ದರೆ ಸಮಿತಿಗೆ ತಿಳಿಸಿ, ಆಗ ಶಿಕ್ಷೆಯ ಜೊತೆ ಅವನಿಗೆ ಆಸರೆಯನ್ನೂ ಕೊಡುತ್ತಾರೆ, ಮನೆಗೆ ಬಂದು ಮಾತಾಡುತ್ತಾರೆ ಎಂದರು. ಗಂಡನಿಗೆ ಹೇಳಿದೆ.

"ಮಾತಾಡೋಕೆ ಯಾರು ಬರ್ತಾರೆ ಗೊತ್ತಾ? ಪೊಲೀಸರು," ಎಂದರು. "ಈಗಿನ ಕಾನೂನಲ್ಲಿ ಸ್ವಂತ ಮಗನಿಗೆ ಬುದ್ಧಿ ಹೇಳಿದ ಅಪ್ಪನೇ ಕಳ್ಳ. ನನ್ನನ್ನ ಒಳಗೆ ಹಾಕಿಸಿ ನೀನೇನು ಮಾಡ್ತೀಯ? ಮೊಳಕೆ ಮಾರ್ತೀಯಾ?"

ಅತ್ತೆ ಟಿವಿಯ ಧ್ವನಿ ಜೋರು ಮಾಡಿದರು.

ವಿಚಾರಣೆಯ ಕೋಣೆಯಲ್ಲಿ ಉದ್ದ ಮೇಜಿನಾಚೆ ಸಮಿತಿಯವರು, ಈಚೆ ನಾವು ಮೂವರು. ಹಾಂಗ್ಯೊಲನ ಕಡೆಯವರನ್ನು ಮೊದಲೇ ಕೇಳಿ ಕಳಿಸಿದ್ದರು. ನನ್ನ ಗಂಡ ಚೆನ್ನಾಗಿ ಮಾತಾಡಿದರು. ಇಂಟರ್ನೆಟ್, ಕೆಟ್ಟ ಸಹವಾಸ, ಕೆಲಸದ ಒತ್ತಡದಲ್ಲಿ ತಮ್ಮ ಗಮನ ತಪ್ಪಿದ್ದು. ಒಂದಿಬ್ಬರು ತಲೆಯಾಡಿಸಿದರು. ಅವರ ಮನೆಯಲ್ಲೂ ಫೋನುಗಳಿದ್ದವು.

ಕೊನೆಯಲ್ಲಿ ಕೂತಿದ್ದ ನರೆಗೂದಲ ಹೆಂಗಸು ಕನ್ನಡಕ ತೆಗೆದಿಟ್ಟು ನನ್ನನ್ನು ನೋಡಿದರು.

"ಯೂಚಾನ್ ಅಮ್ಮ, ಹಾಂಗ್ಯೊಲನ ತಾಯಿ ಒಂದು ಮಾತು ಹೇಳಿ ಹೋಗಿದಾರೆ. ನಿಮ್ಮ ಮಗ ಅವರ ಮನೆ ಬಾಗಿಲಲ್ಲಿ ಮಂಡಿಯೂರಿ ಎರಡೂ ಕೈ ಮೇಲೆತ್ತಿದ್ದನ್ನ. ಅವನ್ನ ಬಿಟ್ಟುಬಿಡಿ ಅಂತಲ್ಲ, ಆದರೆ ಅದನ್ನ ವಿಚಾರಿಸಿ ಅಂದರು. ಮನೇಲಿ ಯಾರಾದರೂ ಅವನ್ನ ಹೊಡೀತಾರಾ?"

ತಮ್ಮ ಮಗನ ಮಣಿಕಟ್ಟು ಮುರಿದಿದ್ದರೂ ಆ ತಾಯಿ ನನ್ನ ಮಗನ ಪರವಾಗಿ ಒಂದು ಬಾಗಿಲು ತೆರೆದಿಟ್ಟು ಹೋಗಿದ್ದರು. ನಾನು ಹೌದು ಎನ್ನಬೇಕಿತ್ತು, ಅಷ್ಟೆ. ಪಕ್ಕದಲ್ಲಿ ಯೂಚಾನ್ ಮುಖ ಎತ್ತಿ ನನ್ನ ಬಾಯನ್ನೇ ನೋಡುತ್ತಿದ್ದ, ಚಿಕ್ಕವನಿದ್ದಾಗ ತುತ್ತಿಗೆ ಕಾಯುತ್ತಿದ್ದ ಹಾಗೆ.

"ಇಲ್ಲ," ಎಂದೆ. "ನಮ್ಮ ಮನೇಲಿ ಅಂಥದ್ದೇನಿಲ್ಲ. ಎಲ್ಲ ಆ ಫೋನಿಂದ."

ಆ ಹೆಂಗಸು ಮಗನ ಕಡೆ ತಿರುಗಿದರು. "ಯೂಚಾನ್, ನೀನೇನಾದ್ರೂ ಹೇಳ್ತೀಯಾ?"

"ಅಮ್ಮ ಹೇಳಿದ್ದೇ ಸರಿ," ಎಂದ ಅವನು.

ಹೊರಗೆ ಬಂದ ಮೇಲೆ ಗಂಡ ನನ್ನ ಭುಜ ತಟ್ಟಿದರು. ಮದುವೆಯಾದಂದಿನಿಂದ ಬೀದಿಯಲ್ಲಿ ನನ್ನನ್ನು ಮುಟ್ಟಿದವರಲ್ಲ. "ಚೆನ್ನಾಗಿ ನಿಭಾಯಿಸಿದೆ. ಇವನಿಗೆ ಹೊಟ್ಟೆಗೇನಾದ್ರೂ ಹಾಕು," ಎಂದು ಗೋದಾಮಿಗೆ ಹೊರಟುಹೋದರು.

ಎದುರಿನ ನೂಡಲ್ಸ್ ಅಂಗಡಿಯಲ್ಲಿ ಕೂತೆವು. ಮೂಲಂಗಿ ಉಪ್ಪಿನಕಾಯಿಯನ್ನು ಅವನ ಕಡೆ ಸರಿಸಿದೆ. ಬಟ್ಟಲಿನಿಂದ ಆವಿ ಏಳುತ್ತಿತ್ತು. ಅವನು ಕಡ್ಡಿಗಳನ್ನು ಕೈಗೆತ್ತಿಕೊಂಡ, ಮತ್ತೆ ಕೆಳಗಿಟ್ಟ.

"ತಿನ್ನೋ, ಆರಿಹೋಗುತ್ತೆ."

"ಅಮ್ಮ, ಒಂದು ಕೇಳ್ಲಾ?"

ಏನಿಲ್ಲ ಬಿಡು ಎನ್ನುತ್ತಾನೆ ಎಂದು ಕಾದೆ. ಎನ್ನಲಿ ಎಂದು ಬೇಡಿಕೊಂಡೆ.

"ರೂಮಲ್ಲಿ ನಾನು ಎಣಿಸ್ತಿದ್ದದ್ದು ನಿನಗೆ ಕೇಳಿಸ್ತಿತ್ತಾ?"