ಕಾಲುಚೀಲದ ಡಾಲರುಗಳು

ಸಿಡ್ನಿಯ ಹಡಗುಕಟ್ಟೆಯ ಬಳಿ ಹಿಟ್ಟಿನೊಳಗೆ ಕುರಿಮಾಂಸ ತುಂಬಿ ಬೇಯಿಸಿದ ಪೈ ಮಾರುತ್ತಿದ್ದ ಹಾನೋರಾಳ ನಾಲಗೆಗೆ ಹೆದರದ ಗಂಡಸು ಆ ಬಂದರಿನಲ್ಲಿ ಒಬ್ಬನೇ ಇದ್ದ, ಏಬಲ್ ಟ್ರಾಂಟರ್. ಕಳ್ಳತನಕ್ಕೆ ಸಿಕ್ಕಿಬಿದ್ದು ಇಂಗ್ಲೆಂಡಿನಿಂದ ಗಡೀಪಾರಾಗಿ ಬಂದ ಕಮ್ಮಾರ. ಈಗ ಸರ್ಕಾರದ ಟಂಕಸಾಲೆಯಲ್ಲಿ ಸ್ಪೇನಿನ ಬೆಳ್ಳಿ ಡಾಲರುಗಳ ನಡುವೆ ತೂತು ಹೊಡೆಯುವುದು ಅವನ ಕೆಲಸ. ಬಳೆಯಾಗಿ ಉಳಿದದ್ದು ಒಂದು ನಾಣ್ಯ, ಉದುರಿದ ಬಿಲ್ಲೆ ಇನ್ನೊಂದು. ಎರಡಕ್ಕೂ ವಸಾಹತಿನ ಮುದ್ರೆ. ತೂತು ಬಿದ್ದ ಬೆಳ್ಳಿಯನ್ನು ವಸಾಹತಿನ ಹೊರಗೆ ಯಾರೂ ಮುಟ್ಟುವುದಿಲ್ಲ, ಹಾಗಾಗಿ ಅದು ಹಡಗು ಹತ್ತುವುದಿಲ್ಲ. ಸರ್ಕಾರಕ್ಕೆ ಬೇಕಾಗಿದ್ದೂ ಅಷ್ಟೆ.

ಆ ವಾರ ಏಬಲ್‌ನ ಶಿಕ್ಷೆ ಮುಗಿಯಿತು. ಇಂಗ್ಲೆಂಡಿಗೆ ಹೋಗುವ ಹಡಗು ಕಣ್ಣೆದುರೇ ನಿಂತಿತ್ತು.

"ಊರಿಗೆ ಹೋಗಲ್ವೇನಯ್ಯಾ?" ಪೈ ಕೊಡುತ್ತಾ ಹಾನೋರಾ ಕೇಳಿದಳು.

"ಕಪ್ತಾನ ಇಡೀ ಡಾಲರೇ ಬೇಕಂತಾನೆ. ನನ್ನ ಹತ್ರ ಇರೋದೆಲ್ಲ ತೂತಿಂದು."

"ಮನಸ್ಸಿದೆಯಾ ಅಂತ ಕೇಳಿದ್ದು."

"ಬಂದಾಗಿನಿಂದ ಊರಿಗೆ ಹೋಗ್ತೀನಿ ಅಂತಲೇ ಹೇಳ್ಕೊಂಡು ಬಂದಿದೀನಲ್ಲ," ಎಂದು ಪೈ ಕಚ್ಚಿದ. "ಉಪ್ಪು ಜಾಸ್ತಿ."

ಗಂಡ ಸತ್ತ ಮೇಲೆ ಹಾನೋರಾಳ ಪೈಗೆ ದಿನಾ ಕೊಂಕು ತೆಗೆಯಲು ಇದ್ದವನು ಇವನೊಬ್ಬನೇ. ಅವನು ಇರಲಿ ಎಂದು ಅವಳಿಗೆ ತುಂಬ ಆಸೆ. ಆದರೆ ಹೋಗಲು ದಾರಿಯಿಲ್ಲವೆಂದು ಉಳಿಯುವವನು ಬೇಕಿರಲಿಲ್ಲ. ಹಿಟ್ಟಿನ ಪೀಪಾಯಿಯ ತಳದಿಂದ ಒಂದು ಕಾಲುಚೀಲ ಎಳೆದು ಅವನ ಕೈಗೆ ತುರುಕಿದಳು. ಅದರಲ್ಲಿದ್ದವು ಪೈ ತಿಂದ ನಾವಿಕರು ಕೊಟ್ಟ ಇಡೀ ಡಾಲರುಗಳು, ಅವಳು ಯಾರ ಕಣ್ಣಿಗೂ ಬೀಳದಂತೆ ಕೂಡಿಟ್ಟದ್ದು.

"ತಗೊಂಡು ತೊಲಗು. ಊರು ಸೇರಿ ವಾಪಸ್ ಕಳಿಸು. ಕಳಿಸ್ದಿದ್ರೂ ನಾನೇನು ಸಾಯಲ್ಲ."

ಏಬಲ್ ಕಾಲುಚೀಲ ತೆಗೆದುಕೊಂಡು ಹೋದ. ಮತ್ತೆ ಅವನ ಸುಳಿವಿಲ್ಲ. ಹಡಗು ಹೊರಟ ದಿನ ಹಾನೋರಾ ನೀರಿನ ಕಡೆ ಬೆನ್ನು ಹಾಕಿ ಹಿಟ್ಟು ನಾದಿದಳು, ಬಂದ ಗಿರಾಕಿಗಳನ್ನೆಲ್ಲ ಬೈದಳು. ಅಂದು ಉಪ್ಪು ನಿಜಕ್ಕೂ ಜಾಸ್ತಿಯಾಗಿತ್ತು.

ಸಂಜೆ ಬೆನ್ನ ಹಿಂದೆ ಝಣಝಣ ಸದ್ದಾಯಿತು. ತಿರುಗಿ ನೋಡಿದರೆ ಏಬಲ್. ತೂತು ಡಾಲರುಗಳನ್ನು ಹಗ್ಗಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದ. ಕಾಲುಚೀಲದ ತುಂಬ ಬಿಲ್ಲೆಗಳು.

"ಮೇಲಿನವರನ್ನ ಕೇಳಿ ನೀನು ಕೊಟ್ಟ ಡಾಲರುಗಳಿಗೆಲ್ಲ ನಾನೇ ತೂತು ಹೊಡೆದೆ. ಮುದ್ರೆನೂ ಬಿದ್ದಿದೆ, ನಿಂಗೇನೂ ನಷ್ಟ ಇಲ್ಲ, ಬೈಬೇಡ," ಎಂದ. "ಇನ್ನು ಇದನ್ನ ಯಾವ ಕಪ್ತಾನನೂ ಮುಟ್ಟಲ್ಲ."

ಹಾನೋರಾ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು ಅವನ ಮುಂದೆ ಒಂದು ಪೈ ಇಟ್ಟಳು.

ಅವನು ಕಚ್ಚಿ ಮುಖ ಕಿವುಚಿದ. "ಉಪ್ಪು ಜಾಸ್ತಿ."

"ನಾಳೆಯಿಂದ ನೀನೇ ಹಾಕು," ಎಂದಳು.