ಎದುರು ಸಾಲಿನ ನಲ್ಲಿ

ಪೈಪುಗಳು ಬಂದು ಬಿದ್ದಾಗ ಶಿವಕುಮಾರಿ ಜೋಳದ ಹಿಟ್ಟು ನಾದುತ್ತಿದ್ದಳು. ಇಬ್ಬರು ಕೆಲಸಗಾರರು ಅವನ್ನು ಹೆಗಲ ಮೇಲೆ ಹೊತ್ತು ತಂದು ಎದುರು ಸಾಲಿನ ಗೋಡೆಗೆ ಒರಗಿಸಿ ಹೋದರು. ಹೊಸ ಕಬ್ಬಿಣ ಬಿಸಿಲಿಗೆ ಹೊಳೆಯುತ್ತಿತ್ತು. ಅವಳ ಕೈಯಲ್ಲಿದ್ದ ಹಿಟ್ಟು ಬಿರಿಯಿತು, ನೀರು ಕಡಿಮೆಯಾಗಿತ್ತು. ಎದ್ದು ಡ್ರಮ್ಮಿನಿಂದ ಒಂದು ಬೊಗಸೆ ತಂದು ಸೇರಿಸಿದಳು. ಆಮೇಲೆ ಡ್ರಮ್ಮಿನ ಮುಚ್ಚಳವನ್ನು ಬೇಕಾದದ್ದಕ್ಕಿಂತ ಜೋರಾಗಿ ಮುಚ್ಚಿದಳು.

ಮುಂಬೈ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಹಿಂದೆ, ಗುಡ್ಡದ ಇಳಿಜಾರಿನಲ್ಲಿ ಇರುವ ಈ ಗಲ್ಲಿ ನಾಲ್ಕೇ ಫುಟು ಅಗಲ. ಶಿವಕುಮಾರಿ ತನ್ನ ಹೊಸ್ತಿಲಿನಿಂದ ಕೈ ಚಾಚಿ, ಎದುರು ಮನೆಯ ಇಂದ್ರಾಬಾಯಿ ಅವಳ ಹೊಸ್ತಿಲಿನಿಂದ ಚಾಚಿದರೆ ಪಲ್ಯದ ಬಟ್ಟಲು ಈಚೆಯಿಂದ ಆಚೆಗೆ ಹೋಗುತ್ತಿತ್ತು. ಹನ್ನೆರಡು ವರ್ಷದಿಂದ ಹಾಗೆಯೇ ನಡೆದಿತ್ತು. ಹೋದ ವರ್ಷ ಪ್ರಭಾಗಗಳ, ಅಂದರೆ ಚುನಾವಣೆಯ ವಾರ್ಡುಗಳ, ಗಡಿಯನ್ನು ಹೊಸದಾಗಿ ಬರೆದಾಗ ಗೆರೆ ಈ ಗಲ್ಲಿಯ ನಡುವೆಯೇ ಹಾದುಹೋಯಿತು. ಎದುರು ಸಾಲು ಒಬ್ಬ ನಗರಸೇವಕನ ಪಾಲಿಗೆ, ಈ ಸಾಲು ಇನ್ನೊಬ್ಬನ ಪಾಲಿಗೆ. ಆಗ ಇಬ್ಬರೂ ನಕ್ಕಿದ್ದರು. "ಇನ್ನ ಮ್ಯಾಲ ನಿಮ್ಮ ಮನೀಗೆ ಬರಾಕ ಪಾಸ್‌ಪೋರ್ಟ್ ತಗೋಬೇಕಲ್ಲ ಅಕ್ಕಾ" ಎಂದು ಇಂದ್ರಾಬಾಯಿ ಅಂದದ್ದು ಗಲ್ಲಿಯ ತುಂಬ ಓಡಾಡಿತ್ತು.

ಈಗ ಆ ಗೆರೆಯ ಆಚೆಗೆ ನೀರು ಮಂಜೂರಾಗಿತ್ತು. ಎಂಟು ಮನೆಗಳು ಸೇರಿ ಒಂದು ಕನೆಕ್ಷನ್. ನಲ್ಲಿ ಇಂದ್ರಾಬಾಯಿಯ ಬಾಗಿಲ ಪಕ್ಕದಲ್ಲೇ. ಗುಂಪಿನ ಸೆಕ್ರೆಟರಿಯೂ ಅವಳೇ. ವಾರ್ಡ್ ಆಫೀಸಿನಿಂದ ಅವಳ ಹೆಸರಿಗೆ ಠಸ್ಸೆ ಒತ್ತಿದ ಪತ್ರ ಬಂದಿತ್ತು: ಶ್ರೀಮತಿ ಇಂದ್ರಾಬಾಯಿ ಶಾಂತಪ್ಪ. ಪತ್ರವನ್ನು ಅವಳು ಗಲ್ಲಿಯ ಎಲ್ಲರಿಗೂ ತೋರಿಸಿದ್ದಳು, ಶಿವಕುಮಾರಿಗೂ. ಶಿವಕುಮಾರಿ ಅದನ್ನು ತಿರುಗಿಸಿ ಹಿಂದೂ ಮುಂದೂ ನೋಡಿ ಕೊಟ್ಟಳು. ಇಪ್ಪತ್ತಮೂರು ವರ್ಷದ ಮುಂಬೈಯಲ್ಲಿ ತನ್ನ ಹೆಸರಿಗೆ ಯಾವ ಆಫೀಸಿನಿಂದಲೂ ಒಂದು ಪತ್ರ ಬಂದಿಲ್ಲ ಎಂಬುದು ಅವಳಿಗೆ ಆಗಲೇ ಹೊಳೆದದ್ದು. ಬರುವುದೆಲ್ಲ ಗಂಡ ಗುರುಪಾದನ ಹೆಸರಿಗೆ.

ಈ ಗಲ್ಲಿಗೆ ಮೊದಲು ಬಂದವಳು ತಾನು. ಬೆಳಗಾವಿಯ ಕಡೆಯಿಂದ ಹೊಸದಾಗಿ ಬಂದ ಇಂದ್ರಾಬಾಯಿಗೆ ಗಲ್ಲಿಯ ತುದಿಯ ಸಾರ್ವಜನಿಕ ನಲ್ಲಿಯಲ್ಲಿ ಪಾಳಿ ಹಿಡಿಯುವುದು ಹೇಗೆ, ಕೊಡ ಇಟ್ಟು ಒಲೆ ನೋಡಿಕೊಂಡು ಬರುವುದು ಹೇಗೆ, ಯಾರ ಜತೆ ಜಗಳ ತೆಗೆಯಬಾರದು, ಎಲ್ಲ ಹೇಳಿಕೊಟ್ಟವಳು ತಾನು. ಹತ್ತೂಕಾಲಿಗೆ ಬಂದು ಹನ್ನೊಂದಕ್ಕೆ ನಿಲ್ಲುವ ಆ ನೀರಿಗೆ ಮೂವತ್ತು ಮನೆ. ಹೊತ್ತು ಹೊತ್ತು ಮೊಳಕಾಲು ಸವೆದದ್ದು ತನ್ನದು. ಈಗ ಬಾಗಿಲಿಗೆ ನೀರು ಬರುವುದು ಅವಳಿಗೆ.

ಅವತ್ತೇ ಮಧ್ಯಾಹ್ನ ಇಂದ್ರಾಬಾಯಿ ಒಂದು ಕಾಗದ ಹಿಡಿದುಕೊಂಡು ಬಂದಳು.

"ಅಕ್ಕಾ, ಒಂದ್ ಕೆಲಸ ಐತಿ ನಿನ್ನ ಕಡೆ. ನಮ್ಮ ಸಾಲಿನಾಗ ಗಟಾರ ಐತಲ್ಲ, ಅಲ್ಲಿ ಪೈಪ್ ಹಾಕಾಕ ಬರೂದಿಲ್ಲ ಅಂತ. ದೊಡ್ಡ ಲೈನಿನಿಂದ ನಿಮ್ಮ ಕಟ್ಟಿ ಕೆಳಗಿಂದ ತಂದು ಈಚಿಗೆ ತಿರುಗಿಸ್ತಾರಂತ. ಮನಿಯಾಕಿ ತಕರಾರಿಲ್ಲ ಅಂತ ಸಹಿ ಬೇಕು. ಒಡದದ್ದು ಆಫೀಸಿನವ್ರೇ ತಿರುಗಿ ಕಟ್ಟಿಸಿ ಕೊಡ್ತಾರ."

ಶಿವಕುಮಾರಿ ಕಾಗದ ನೋಡಿದಳು. ಕೆಳಗೆ ಒಂದು ಖಾಲಿ ಗೆರೆ. ಸರ್ವೆಯವರು ಕೊಟ್ಟ ಮನೆಯ ಚೀಟಿಗಳಲ್ಲಿ ಕೆಲವು, ಅವರು ಬಂದಾಗ ಮನೆಯಲ್ಲಿದ್ದ ಹೆಂಗಸರ ಹೆಸರಿನಲ್ಲಿವೆ. ಅವಳ ಮನೆಯದು ಅದೃಷ್ಟಕ್ಕೆ ಹಾಗಿತ್ತು. ಸಹಿ ಅವಳದೇ ಆಗಬೇಕಿತ್ತು.

"ಇವರು ಬರ್ಲಿ. ಒಂದ್ ಮಾತು ಕೇಳ್ತೀನಿ."

"ಹೂಂ, ಕೇಳು. ನಾಳೆ ಬರ್ತೇನಿ."

ರೊಟ್ಟಿ ಮುರಿಯುತ್ತ ಗುರುಪಾದ, "ಹಾಕಿ ಕೊಡು. ನಮ್ದೇನ್ ಹೋಗ್ತದ?" ಎಂದ.

"ನಮಗೇನ್ ಬರ್ತದ?"

"ಬರೂದು ಏನದ ಅದರಾಗ? ಅವರ ಸಾಲಿಂದು ಆತು, ನಮ್ದೂ ಯಾವಾಗರೆ ಆಗ್ತದ."

ಗಂಡಸರಿಗೆ ನೀರು ಕುಡಿಯಲು ಬೇಕಾದ ಸಾಮಾನು. ಅದು ಮನೆಯೊಳಗೆ ನಡೆದು ಬರುವ ದಾರಿ ಅವರಿಗೆ ಗೊತ್ತಿರುವುದಿಲ್ಲ. ಶಿವಕುಮಾರಿ ಮಾತು ಬೆಳೆಸಲಿಲ್ಲ.

ಮರುದಿನ ಇಂದ್ರಾಬಾಯಿ ಬಂದಾಗ, "ಇವತ್ತ ಮಂಗಳವಾರ. ಸಹಿ ಗಿಹಿ ಮಾಡಬಾರದು" ಎಂದಳು.

"ಹೌದಲ್ಲ, ನನಗ ನೆನಪ ಆಗ್ಲಿಲ್ಲ ನೋಡು" ಎಂದು ಇಂದ್ರಾಬಾಯಿ ನಾಲಿಗೆ ಕಚ್ಚಿಕೊಂಡಳು. "ಹಂಗಾದ್ರ ಶುಕ್ರವಾರ ಗಂಗಿ ಪೂಜಿ ಇಟ್ಟೇನಿ. ನೀ ಮೊದಲನೇ ಮುತ್ತೈದಿ. ಪೂಜಿ ಆಗ್ಲಿ, ಆಮ್ಯಾಲ ಸಹಿ. ಅಕ್ಕಾ, ಚಿಂತಿ ಮಾಡಬ್ಯಾಡ, ನಲ್ಲಿಗೆ ಒಂದು ರಬ್ಬರ್ ನಳಿ ಹಚ್ಚಿ ನಿಮ್ಮ ಡ್ರಮ್ಮಿಗೂ ಬಿಡ್ತೇನಿ. ಉಳಿದವರು ಒದರಲಿ, ಸೆಕ್ರೆಟರಿ ನಾನ ಅಲ್ಲೇನು!"

ಆ ಮಾತಿಗೆ ಶಿವಕುಮಾರಿ ನಕ್ಕಳು. ಒಳಗೆ ಬಂದು ಮುಚ್ಚಳ ತೆಗೆದು ಡ್ರಮ್ಮಿನಲ್ಲಿ ಎಷ್ಟು ಉಳಿದಿದೆ ಎಂದು ನೋಡಿದಳು. ಬಿಡ್ತೇನಿ ಎಂದಳಲ್ಲ. ದಿನಾ ಬೆಳಿಗ್ಗೆ ತಾನು ನಳಿಯ ತುದಿ ಹಿಡಿದು ಹೊಸ್ತಿಲಲ್ಲಿ ಕಾಯಬೇಕು, ಅವಳು ಬಿಡಬೇಕು. ಒಂದು ದಿನ ಮರೆತರೆ ನೆನಪಿಸಬೇಕು. ಗಲ್ಲಿಯ ತುದಿಯ ನಲ್ಲಿಯಲ್ಲಿ ಯಾರಿಗೂ ಕೈ ಮುಗಿಯುವುದಿರಲಿಲ್ಲ. ಪಾಳಿ ಇತ್ತು, ಜಗಳ ಇತ್ತು. ನೀರಿಲ್ಲದಿದ್ದರೂ ನಡೆದೀತು, ಇಂದ್ರಾಳ ಕೈಯಿಂದ ಬರುವ ನೀರು ಬೇಡ ಎಂದು ಅನ್ನಿಸಿದಾಗ ಅವಳಿಗೆ ತನ್ನ ಬಗ್ಗೆಯೇ ಸಣ್ಣ ಭಯವಾಯಿತು.

ಬುಧವಾರ ಅಡಿಗೆ ಮುಗಿಸಿ ಒಬ್ಬಳೇ ವಾರ್ಡ್ ಆಫೀಸಿಗೆ ಹೋದಳು. ನೀರಿನ ವಿಭಾಗದಲ್ಲಿ ಕನ್ನಡಕದ ಕಾರಕೂನ, "ಬೋಲಾ ಮಾವಶಿ, ಹೇಳಿ ಚಿಕ್ಕಮ್ಮ" ಎಂದ. ತನಗೆ ಬರುವ ಹಿಂದಿ-ಮರಾಠಿಯಲ್ಲಿ ಅವಳು ಕೇಳಿದಳು: ಎದುರು ಸಾಲಿಗೆ ಬಂತು, ನಮಗೆ ಯಾಕೆ ಇಲ್ಲ?

ಅವನು ಬೇಸರ ಮಾಡಿಕೊಳ್ಳದೆ ನಕ್ಷೆ ಬಿಡಿಸಿದ. ಗಲ್ಲಿ ಎಂಬುದು ಅಲ್ಲಿ ಒಂದು ಕೂದಲೆಳೆ. ಅದರ ಮೇಲೇ ಕೆಂಪು ಗೆರೆ. "ತುಮಚಾ ಪ್ರಭಾಗ ಅಲಗ, ನಿಮ್ಮ ವಾರ್ಡೇ ಬೇರೆ. ಅವರ ನಗರಸೇವಕನ ನಿಧಿ ಅವರ ಸಾಲಿಗೆ. ನಿಮ್ಮದು ಮುಂದಿನ ಹಂತದಲ್ಲಿ." ಮುಂದಿನ ಹಂತ ಯಾವಾಗ ಎಂದರೆ ಅವನಿಗೂ ಗೊತ್ತಿರಲಿಲ್ಲ. ಅವಳು ಎದ್ದಾಗ ಅವನೇ ಕರೆದ. ಎದುರು ಸಾಲಿನವರು ತರಬೇಕಾದ ತಕರಾರಿಲ್ಲದ ಕಾಗದ ಇನ್ನೂ ಬಂದಿಲ್ಲ, ಮಾರ್ಚ್ ಮುಗಿಯುತ್ತಿದೆ, ಶುಕ್ರವಾರ ಸಂಜೆ ಐದರೊಳಗೆ ಬರದಿದ್ದರೆ ಈ ಕೆಲಸ ಪಟ್ಟಿಯಲ್ಲಿ ಮುಂದಿರುವ ಇನ್ನೊಂದು ಕೇರಿಗೆ ಹೋಗುತ್ತದೆ, ಪೈಪು ಸಮೇತ. "ನೀವು ಅದೇ ಗಲ್ಲಿಯವರಲ್ಲವೇ, ಅವರಿಗೆ ಹೇಳಿಬಿಡಿ ಮಾವಶಿ. ನನಗೆ ಒಂದು ಫೋನು ಉಳಿಯಿತು."

"ಹೇಳ್ತೀನಿ" ಎಂದಳು ಶಿವಕುಮಾರಿ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಎಷ್ಟೋ ದಿನಗಳ ಮೇಲೆ ಮೈ ಹಗುರಾಗಿತ್ತು. ಇಂದ್ರಾಳಿಗೆ ಗೊತ್ತಿಲ್ಲದ ಒಂದು ಸಂಗತಿ ತನ್ನ ಹತ್ತಿರ ಇದೆ. ಅದನ್ನು ಹೇಳುವುದಿಲ್ಲ ಎಂದು ಅವಳು ತೀರ್ಮಾನಿಸಿರಲಿಲ್ಲ. ಇವತ್ತೊಂದು ದಿನ ಇಟ್ಟುಕೊಳ್ಳುತ್ತೇನೆ, ನಾಳೆ ಹೇಳುತ್ತೇನೆ ಎಂದಷ್ಟೇ. ಗುರುವಾರವೂ ಹಾಗೇ ಅಂದುಕೊಂಡಳು.

ಶುಕ್ರವಾರ ಬೆಳಿಗ್ಗೆ ಇಂದ್ರಾಬಾಯಿ ಪೈಪುಗಳ ಬುಡದಲ್ಲಿ ಸಾರಿಸಿ, ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ, ಅರಿಷಿಣ ಕುಂಕುಮ ಇಟ್ಟಿದ್ದಳು. ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಇನ್ನೂ ನೀರು ಬರದ ಪೈಪಿಗೆ ಪೂಜೆಯೇ ಎಂದು ಯಾರೂ ಕೇಳಲಿಲ್ಲ. ಊರಲ್ಲಿ ಬೋರು ಹೊಡೆಯುವ ಮೊದಲೂ ಹೀಗೇ ಮಾಡುತ್ತಾರೆ. ಸಹಿಯ ಕಾಗದವನ್ನು ಅವಳು ಕಲ್ಲುಗಳ ಮುಂದೆ, ವೀಳ್ಯದೆಲೆಯ ಕೆಳಗೆ ಇಟ್ಟಿದ್ದಳು.

ಮೊದಲ ಉಡಿ ಶಿವಕುಮಾರಿಯದು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಬಸದ ಕಣ. ಸೆರಗು ಭಾರವಾಯಿತು. ಎರಡನೆಯವಳು ಇಂದ್ರಾಬಾಯಿಯ ಪಕ್ಕದ ಮನೆಯ ಹನುಮವ್ವ. "ನಲ್ಲಿ ಬಂತಂದ್ರ ನಾ ದಿನಕ್ಕ ಎರಡ ಸಲ ಜಳಕಾ ಮಾಡಾಕಿ" ಎಂದಳು ಅವಳು.

"ಮೊದಲ ಒಂದ ಸಲ ಮಾಡು, ಅದನ್ನ ನೋಡೂಣು" ಎಂದಳು ಇಂದ್ರಾಬಾಯಿ. ಎಲ್ಲರೂ ನಕ್ಕರು.

ಹೋಳಿಗೆ ಊಟ ಮುಗಿದಾಗ ಎರಡು ಗಂಟೆ. ಶಿವಕುಮಾರಿಯ ಕಣ್ಣು ಕಾಗದದ ಮೇಲಿತ್ತು. ಈಗ ಕೇಳುತ್ತಾಳೆ, ಕೇಳಿದರೆ ಹಾಕಿಬಿಡುತ್ತೇನೆ, ಓಡಿದರೆ ಐದರೊಳಗೆ ಮುಟ್ಟುತ್ತದೆ ಎಂದುಕೊಂಡಳು. ಇಂದ್ರಾಬಾಯಿ ಕಾಗದ ಎತ್ತಿ, ಅದರ ಮೇಲೆ ಬಿದ್ದ ಕುಂಕುಮ ಊದಿ, ಮಡಚಿಟ್ಟಳು.

"ಇವತ್ತ ಬ್ಯಾಡ ಅಕ್ಕಾ. ಉಡಿ ತುಂಬಿದ ದಿನ ಮುತ್ತೈದಿ ಕಡಿಂದ ಏನೂ ಇಸಗೋಬಾರದು ಅಂತಿದ್ಲು ನಮ್ಮ ಅತ್ತಿ. ಕೊಟ್ಟ ಕೈಲೇ ಕಸಗೊಂಡಂಗ ಆಕ್ಕೈತಿ. ನಾಳೆ ಹಾಕು. ಇಷ್ಟ ದಿನ ಕಾದೇವಿ, ಒಂದ ದಿನ ಏನ ಹೆಚ್ಚು?"

ಶಿವಕುಮಾರಿಯ ಬಾಯಿ ತೆರೆಯಿತು. ಉಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. "ಆಗ್ಲಿ" ಎಂದಳು.

ಮನೆಗೆ ಬಂದು ಅಕ್ಕಿಯನ್ನು ಮೊರಕ್ಕೆ ಸುರಿದು ಆರಿಸಲು ಕೂತಳು. ಉಡಿಯಕ್ಕಿಯಲ್ಲಿ ಆರಿಸುವಂಥದ್ದು ಏನೂ ಇರಲಿಲ್ಲ, ಇಂದ್ರಾಬಾಯಿ ಒಳ್ಳೆಯ ಅಕ್ಕಿಯನ್ನೇ ಇಟ್ಟಿದ್ದಳು. ಮೂರೂವರೆ ಆಯಿತು. ನಾಲ್ಕಾಯಿತು. ಎದುರು ಬಾಗಿಲಲ್ಲಿ ಇಂದ್ರಾಬಾಯಿ ಪಾತ್ರೆ ತಿಕ್ಕುತ್ತ, ನಲ್ಲಿ ಎಲ್ಲಿ ಬರುತ್ತದೆ ಎಂದು ಗಂಡ ಶಾಂತಪ್ಪನಿಗೆ ಬೆರಳಿನಿಂದ ತೋರಿಸುತ್ತಿದ್ದಳು. ಆ ಬೆರಳು ಗೋಡೆಯ ಮೇಲೆ ಒಂದು ಜಾಗ ಮುಟ್ಟಿತು, ಮತ್ತೆ ಒಂದು ಗೇಣು ಮೇಲೆ ಮುಟ್ಟಿತು. ಕೊಡ ಇಡಲು ಎತ್ತರ ಸಾಕೇ ಎಂದು ಅಳೆಯುತ್ತಿದ್ದಳು. ಆ ಅಳತೆ ನೋಡದೇ ಇದ್ದಿದ್ದರೆ ತಾನು ಎದ್ದು ಹೋಗುತ್ತಿದ್ದೆನೇನೋ ಎಂದು ಶಿವಕುಮಾರಿ ಆಮೇಲೆ ಎಷ್ಟೋ ಸಲ ಅಂದುಕೊಂಡಳು. ಐದು ಹೊಡೆದಾಗ ಅವಳು ಅದೇ ಅಕ್ಕಿಯನ್ನು ಮೂರನೆಯ ಸಲ ಕೇರುತ್ತಿದ್ದಳು.

ಶನಿವಾರ ಅವಳೇ ಪೆನ್ನು ತೆಗೆದುಕೊಂಡು ಹೋದಳು. ಗೆರೆಯ ಮೇಲೆ ದುಂಡಗೆ ತನ್ನ ಹೆಸರು ಬರೆದಳು. ಇಂದ್ರಾಬಾಯಿ ಅವಳ ಬಾಯಿಗೆ ಸಕ್ಕರೆ ಹಾಕಿದಳು. ಆ ಸಕ್ಕರೆ ಕರಗುವವರೆಗೂ ಶಿವಕುಮಾರಿ ತಲೆ ಎತ್ತಲಿಲ್ಲ.

ಸೋಮವಾರ ಬೆಳಿಗ್ಗೆ ಇಂದ್ರಾಬಾಯಿ ಆಫೀಸಿಗೆ ಹೋದಳು. ಅವಳು ಬರುವುದಕ್ಕೆ ಮೊದಲೇ ಟೆಂಪೋ ಬಂದು ಪೈಪುಗಳನ್ನು ಎತ್ತಿಕೊಂಡು ಹೋಯಿತು. ಉಳಿದ ಏಳು ಮನೆಗಳ ಹೆಂಗಸರೂ ಹೊರಗೆ ಬಂದು ನಿಂತರು. ಗೋಡೆಯ ಬುಡದಲ್ಲಿ ಸುಣ್ಣದ ಐದು ಕಲ್ಲು ಮಾತ್ರ ಉಳಿದವು. ಹನುಮವ್ವ ವಾರ್ಡ್ ಆಫೀಸಿಗೂ ನಗರಸೇವಕನಿಗೂ ಅವನ ಏಳು ತಲೆಮಾರಿಗೂ ಬೈದಳು.

ಮಧ್ಯಾಹ್ನ ಇಂದ್ರಾಬಾಯಿ ಮನೆಗೆ ಹೋಗದೆ ನೇರ ಶಿವಕುಮಾರಿಯ ಹೊಸ್ತಿಲಿಗೆ ಬಂದು ನಿಂತಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಶುಕ್ರವಾರ ಕಡೀ ದಿನ ಇತ್ತಂತ" ಎಂದಳು. "ಬುಧವಾರನ ನಿಮ್ಮ ಗಲ್ಲಿ ಮಾವಶಿಗೆ ಹೇಳಿ ಕಳಿಸೇನಿ ಅಂದ ಆ ಕಾರಕೂನ. ಎದುರ ಸಾಲಿನಾಕಿ, ಕುಂಟಕೋತ ಬಂದಿದ್ಲು ಅಂದ."

ಶಿವಕುಮಾರಿ ಕೈಯಲ್ಲಿದ್ದ ಕಸಬರಿಗೆಯನ್ನು ಗೋಡೆಗೆ ಒರಗಿಸಿದಳು.

"ನೀ ಹೋಗಿದ್ದೇನಕ್ಕಾ?"

ಇಲ್ಲ ಅನ್ನಬಹುದಿತ್ತು. ಮೊಳಕಾಲು ನೋವು ಗಲ್ಲಿಯಲ್ಲಿ ಇನ್ನೂ ಇಬ್ಬರಿಗಿತ್ತು. ಇಂದ್ರಾಬಾಯಿಯ ಮುಖದಲ್ಲಿ ಆ 'ಇಲ್ಲ'ವನ್ನು ನಂಬಲು ಜಾಗವೂ ಇತ್ತು. ಅದನ್ನು ನೋಡಿಯೇ ಶಿವಕುಮಾರಿಗೆ ತಡೆಯಲಾಗಲಿಲ್ಲ.

"ಹೋಗಿದ್ದೆ."

"ಹೇಳಿದ್ರ ನಾ ಪೂಜಿ ಬಿಟ್ಟು ಓಡತಿದ್ದೆ."

"ಗೊತ್ತಿತ್ತು."

"ಯಾಕ?"

ಉತ್ತರ ಇತ್ತು. ನಿನ್ನ ಹೆಸರಿಗೆ ಕಾಗದ ಬಂತು, ನೀನು ಗೋಡೆಯ ಮೇಲೆ ಬೆರಳಿಟ್ಟು ಅಳೆದೆ. ಆದರೆ ಅದನ್ನು ಬಾಯಿಗೆ ತಂದರೆ ಎಷ್ಟು ಸಣ್ಣದಾಗಿ ಕೇಳಿಸುತ್ತದೆ ಎಂದು ಅವಳಿಗೆ ಗೊತ್ತಿತ್ತು. ಇಂದ್ರಾಬಾಯಿ ಗಲ್ಲಿ ದಾಟಿ ಹೋದಳು.

ಸಂಜೆಯೊಳಗೆ ಎಂಟು ಮನೆಗಳೂ ತನ್ನ ಬಾಗಿಲಿಗೆ ಬರುತ್ತವೆ ಎಂದು ಶಿವಕುಮಾರಿ ಕಾದಳು. ತನ್ನ ಮಾತುಗಳನ್ನು ಕೂಡಿಸಿಟ್ಟುಕೊಂಡಳು. ಯಾರೂ ಬರಲಿಲ್ಲ. ಇಂದ್ರಾಬಾಯಿ ಯಾರಿಗೂ ಹೇಳಿರಲಿಲ್ಲ. ಹನುಮವ್ವನಂತೂ ರಾತ್ರಿ ಊಟಕ್ಕೆ ಮೊದಲು ಬಂದು, "ನೀ ಪಾಪ ಸಹಿ ಹಾಕಿ ಕೊಟ್ಟರೂ ಹಿಂಗಾತು ನೋಡು" ಎಂದು ಸಮಾಧಾನ ಹೇಳಿ ಹೋದಳು.

ಮರುದಿನ ಹತ್ತೂಕಾಲಿಗೆ ಸಾರ್ವಜನಿಕ ನಲ್ಲಿಯಲ್ಲಿ ನೀರು ಬಂತು. ಪಾಳಿಯಲ್ಲಿ ಇಂದ್ರಾಬಾಯಿ ಮೂರು ಕೊಡ ಮುಂದಿದ್ದಳು. ತಿರುಗಿ ನೋಡಲಿಲ್ಲ. ಅವಳ ಪಕ್ಕದಲ್ಲಿ ಹನುಮವ್ವ ನಲ್ಲಿಯ ಕೆಳಗೆ ಕೊಡ ಇಟ್ಟು ನಿಂತಿದ್ದಳು.

"ಏ ಹನುಮವ್ವಾ, ನಿನ್ನ ಕೊಡಾ ಐತೋ ನಿನ್ನ ಗಂಡನ ಹೊಟ್ಟಿ ಐತೋ? ತುಂಬೂ ಲಕ್ಷಣಾನ ಇಲ್ಲಲ್ಲ" ಎಂದಳು ಇಂದ್ರಾಬಾಯಿ.

ಹನುಮವ್ವ ಬಾಯಿಗೆ ಸೆರಗು ಹಚ್ಚಿಕೊಂಡು, ಭುಜ ಅಲುಗಾಡಿಸಿ ನಕ್ಕಳು. ನಗುತ್ತಲೇ ಇಂದ್ರಾಬಾಯಿಯ ಬೆನ್ನಿಗೆ ಒಂದು ಗುದ್ದು ಕೊಟ್ಟಳು.

ಶಿವಕುಮಾರಿ ಹನುಮವ್ವನನ್ನೇ ನೋಡಿದಳು. ಅವಳ ಹರಕು ಕುಬಸ, ನೀರಲ್ಲಿ ನಿಂತ ಬರಿಗಾಲು, ಇಂದ್ರಾಳ ಬೆನ್ನಿನ ಮೇಲೆ ಇನ್ನೂ ಇದ್ದ ಕೈ. ಹನ್ನೆರಡು ವರ್ಷ ಆ ಜಾಗ ತನ್ನದಾಗಿತ್ತು, ಈಗ ಹನುಮವ್ವನದು. ಪಾಳಿ ಒಂದು ಹೆಜ್ಜೆ ಮುಂದೆ ಸರಿಯಿತು. ಅವಳು ಖಾಲಿ ಕೊಡವನ್ನು ಕಾಲಿನಿಂದ ತಳ್ಳಿ ಮುಂದೆ ಸರಿದಳು.